ಹೊಗೆ ಕುಡಿದ ಹುಲ್ಲು

ಆ ಭಾನುವಾರ ಮಾಡಿದ ಕೆಲಸಗಳು ಇವು. ಒಲೆಯ ಬೂದಿ ತೆಗೆದು ಹೊಸ ಬೆಂಕಿ ಹಾಕಿದ್ದು. ನಲವತ್ತು ಜೋಳದ ರೊಟ್ಟಿ ಬಡಿದು, ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಮಾರಾಟಕ್ಕೆಂದು ಮನೆಯವರ ಸೈಕಲ್ಲಿಗೆ ಕಟ್ಟಿದ್ದು. ಅತ್ತೆಯ ಕಣ್ಣಿಗೆ ಎರಡೆರಡು ಹನಿ ಔಷಧಿ ಬಿಟ್ಟದ್ದು. ಕೈಪಂಪಿನಿಂದ ಆರು ಕೊಡ ನೀರು. ಮಸಿ ಹಿಡಿದ ಎರಡು ಸೀರೆ ಒಗೆದದ್ದು. ಒಂದರ ಮಸಿ ಹೋಗಲೇ ಇಲ್ಲ. ಬದನೆಕಾಯಿ ಸೀಳಿ ಎಣ್ಣೆಗಾಯಿಗೆ ಮಸಾಲೆ ತುಂಬಿದ್ದು. ಹನ್ನೊಂದು ಗಂಟೆಯವರೆಗೆ ಏಣಿಯ ಮೇಲೆ ನಿಂತು, ಹುಲ್ಲಿನ ಚಾವಣಿಯ ಕೊನೆಯ ಇಪ್ಪತ್ತು ಹೊಲಿಗೆಗಳನ್ನು ಒಳಗಿನಿಂದ ಹಿಡಿದುಕೊಟ್ಟದ್ದು. ವೆರಾಂಡ ಗುಡಿಸಿ, ತೊಳೆದು, ನಾಲ್ಕೆಳೆಯ ರಂಗೋಲಿ ಬಿಟ್ಟದ್ದು.

ನಾಲ್ಕು ಗಂಟೆಗೆ ಮನೆಯೊಡತಿ ಬೆನ್ಸನ್ ಟೌನಿನಿಂದ ಬರುವವರಿದ್ದರು. ಬಂದು ನೋಡಿ, ಹುಲ್ಲಿನ ಚಾವಣಿ ಇರಲಿಯೋ ಅಥವಾ ಅದನ್ನು ಕಿತ್ತು ಶೀಟು ಹಾಕಿಸುವುದೋ ಎಂದು ಹೇಳುವವರಿದ್ದರು. ಶೀಟು ಬಂದರೆ ಮನೆಯನ್ನು ನಾಲ್ಕು ರೂಮು ಮಾಡಿ ನಾಲ್ಕು ಕುಟುಂಬಕ್ಕೆ ಕೊಡುವುದು ಅವರ ಲೆಕ್ಕಾಚಾರ. ಆಮೇಲೆ ಅಲ್ಲಿ ಸೌದೆ ಒಲೆಗೆ ಜಾಗವಿಲ್ಲ, ಒಲೆ ಇಲ್ಲವೆಂದರೆ ನನ್ನ ರೊಟ್ಟಿ ಕೆಲಸವಿಲ್ಲ. ಆ ಚಾವಣಿಯನ್ನು ಕೆಡಿಸಿದವರು ನಾವೇ ಆಗಿದ್ದರಿಂದ ಯಾರ ಮೇಲೂ ದೂರು ಹೇಳುವಂತೆಯೂ ಇರಲಿಲ್ಲ.

ಆ ಮನೆಗೆ ನಾವು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ರಾಯಚೂರು ಕಡೆಯಿಂದ ಬಂದ ಮೇಲೆ ಮೊದಲ ಎರಡು ವರ್ಷ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಮೂರನೇ ಮಹಡಿಯ ಶೀಟಿನ ರೂಮಿನಲ್ಲಿದ್ದೆವು. ಬೇಸಿಗೆಯಲ್ಲಿ ಹೆಂಚಿನ ಮೇಲಿನ ರೊಟ್ಟಿಗೂ ನಮಗೂ ವ್ಯತ್ಯಾಸವಿರಲಿಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ ಅತ್ತೆ ಮಾತಾಡುವುದನ್ನು ನಿಲ್ಲಿಸಿ ಕೈಸನ್ನೆ ಮಾಡುತ್ತಿದ್ದರು. ನಾನು ಬೆಳಗಾಗುವ ಮುಂಚೆ ರೊಟ್ಟಿ ಬಡಿಯಲು ಕೂತರೆ, ಕೆಳಗಿನ ಮನೆಯ ಹೆಂಗಸು ಕಸಬರಿಗೆಯ ಹಿಡಿಯಿಂದ ತನ್ನ ತಾರಸಿಯನ್ನು ತಿರುಗಿ ಬಡಿಯುತ್ತಿದ್ದಳು. ಒಂದು ದಿನ ಮೆಟ್ಟಿಲು ಹತ್ತಿ ಬಂದೇಬಿಟ್ಟಳು.

"ಕ್ಯಾ ಜೀ, ರೋಜ್ ರೋಜ್ ಕ್ಯಾ ಕೂಟ್ತೆ ತುಮ್? ನಮ್ ಮಗೂಗೆ ನಿದ್ದೇನೇ ಇಲ್ಲ!"

ಅವಳದೇನೂ ತಪ್ಪಿರಲಿಲ್ಲ. ಕಂಕುಳಲ್ಲಿದ್ದ ಮಗುವಿನ ಕಣ್ಣು ಕೆಂಪಾಗಿತ್ತು. ನಾನು ಎರಡು ಬಿಸಿ ರೊಟ್ಟಿ ಕೊಟ್ಟು ಕಳಿಸಿದೆ. ಅವಳು ತೆಗೆದುಕೊಂಡೂ ಹೋದಳು, ಮನೆ ಮಾಲೀಕನಿಗೆ ದೂರೂ ಹೇಳಿದಳು. ಇದ್ದಿಲ ಒಲೆಯ ಹೊಗೆಯ ತಕರಾರು ಮೊದಲೇ ಇತ್ತು. ತಿಂಗಳೊಳಗೆ ಖಾಲಿ ಮಾಡಿ ಅಂದರು.

ಮನೆಯವರು ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ ಅಟೆಂಡರ್. ಅಲ್ಲಿ ಯಾರೋ ಹೇಳಿದರಂತೆ: ಕೆ.ಆರ್. ಪುರದ ರೈಲ್ವೆ ಗೇಟು ದಾಟಿ ಹೋದರೆ ಹಳೇ ತೋಟದೊಳಗೆ ಒಂದು ಮನೆ ಖಾಲಿ ಇದೆ, ಹುಲ್ಲಿನ ಮನೆ ಅಂತ ಯಾರೂ ಬರಲ್ಲ. ಹೋಗಿ ನೋಡಿದೆವು. ಮನೆಯೊಡತಿ ಅಂದೇ ಬಂದಿದ್ದರು. ಅರವತ್ತು ದಾಟಿದವರು, ಒಬ್ಬಂಟಿ, ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ಕೈಯಲ್ಲಿ ಛತ್ರಿ, ಹೆಗಲಲ್ಲಿ ಬಟ್ಟೆಯ ಚೀಲ. ನಾವು ಅವರನ್ನು ಅಮ್ಮಾರು ಎಂದು ಕರೆಯುತ್ತಿದ್ದೆವು.

"ಗ್ಯಾಸ್ ಇದೆಯಾ ನಿಮ್ಮತ್ರ?" ಅಂತ ಕೇಳಿದರು.

"ಹೆಸರು ಬರೆಸೀವ್ರಿ, ಇನ್ನೂ ಬಂದಿಲ್ಲ," ಅಂದೆ, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

"ಬಂದ್ರೂ ದಿನಾ ಒಂದು ಹೊತ್ತು ಸೌದೆ ಒಲೆ ಹಚ್ಲೇಬೇಕು. ಅದೊಂದೇ ನನ್ ಕಂಡೀಷನ್. ಹೊಗೆ ಇಲ್ದಿದ್ರೆ ಹುಲ್ಲಿಗೆ ಹುಳ ಬೀಳುತ್ತೆ. ನಮ್ಮಪ್ಪ ಹೇಳ್ತಿದ್ರು."

"ನಾ ರೊಟ್ಟಿ ಬಡೀತೀನಿರಿ. ಸಪ್ಪಳ ಆಗ್ತದ."

"ಬಡೀಮ್ಮಾ, ಎಷ್ಟು ಬೇಕಾದ್ರೂ ಬಡಿ. ಇಲ್ಲಿ ಕೇಳಿಸ್ಕೊಳ್ಳೋರು ಹಲಸಿನ ಮರ ಒಂದೇ."

ಅಲ್ಲಿ ಯಾವ ಕಾರಣಕ್ಕೆ ನಮ್ಮನ್ನು ಹೊರಹಾಕಿದ್ದರೋ ಅದೇ ಕಾರಣಕ್ಕೆ ಇಲ್ಲಿ ಮನೆ ಸಿಕ್ಕಿತು. ಮನೆಯವರು ದಾರಿಯುದ್ದಕ್ಕೂ ನಗುತ್ತಲೇ ಸಾಮಾನು ಸಾಗಿಸಿದರು.

ಆ ಮನೆಯ ಬಗ್ಗೆ ಹೇಳಬೇಕು. ದಂಡಿನ ಕಡೆಯ ಯಾವನೋ ಬಿಳಿಯ ದೊರೆ ತೋಟದ ಮನೆಯೆಂದು ಕಟ್ಟಿಸಿದ್ದಂತೆ. ಅವನ ನಂತರ ಕೈಬದಲಾಗಿ ಅಮ್ಮಾರ ತಂದೆಗೆ ಬಂತಂತೆ. ದೊರೆ ಹೇಳಿದ್ದು ಒಂದು, ಕಟ್ಟಿದವರಿಗೆ ಗೊತ್ತಿದ್ದದ್ದು ಇನ್ನೊಂದು, ಎರಡೂ ಸೇರಿದ ಮನೆ ಅದು. ಕಿಟಕಿಗಳಿಗೆ ಊರಿನ ಯಾವ ಮನೆಗೂ ಇಲ್ಲದ ಕಮಾನು, ಕಮಾನಿನ ಮೇಲೆ ನಮ್ಮ ಹೊಲದ ಗುಡಿಸಲಿಗಿದ್ದಂಥ ಹುಲ್ಲು. ಇಟ್ಟಿಗೆಗಳು ಈಗಿನಂಥ ದಪ್ಪದವಲ್ಲ. ಅಂಗೈ ಅಗಲ, ಎರಡು ಬೆರಳಿನಷ್ಟು ದಪ್ಪ. ಅಂಥ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ಒಂದೂವರೆ ಅಡಿಯ ಗೋಡೆ ಎಬ್ಬಿಸಿದ್ದರು. ಗೋಡೆಯ ದಪ್ಪದೊಳಗೇ ಗೂಡುಗಳು. ಒಂದರಲ್ಲಿ ದೇವರು, ಒಂದರಲ್ಲಿ ಉಪ್ಪಿನ ಜಾಡಿ, ಒಂದರಲ್ಲಿ ಅತ್ತೆಯ ಎಲೆ ಅಡಿಕೆ. ನೆಲಕ್ಕೂ ಇಟ್ಟಿಗೆಯೇ. ಅಡುಗೆಮನೆಯ ಬಾಗಿಲ ಹತ್ತಿರದ ಒಂದು ಇಟ್ಟಿಗೆಯ ಮೇಲೆ ನಾಯಿಯ ಹೆಜ್ಜೆ ಇತ್ತು. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಹಾಕಿದಾಗ ಯಾವುದೋ ನಾಯಿ ತುಳಿದುಕೊಂಡು ಹೋಗಿರಬೇಕು. ಅದನ್ನು ಹಾಗೇ ಸುಟ್ಟು ಹಾಗೇ ಹಾಸಿದ್ದರು. ಗುಡಿಸುವಾಗ ಆ ನಾಲ್ಕು ಬೆರಳಿನ ಗುಳಿಯಲ್ಲಿ ಹಿಟ್ಟು ಕೂತಿರುತ್ತಿತ್ತು, ದಿನಾ ಊದಿ ತೆಗೆಯುತ್ತಿದ್ದೆ.

ಗೋಡೆ ಚಾವಣಿಯನ್ನು ಪೂರ್ತಿ ಮುಟ್ಟುತ್ತಿರಲಿಲ್ಲ. ಗೋಡೆಯ ನೆತ್ತಿಗೂ ಹುಲ್ಲಿಗೂ ನಡುವೆ ಒಂದು ಗೇಣು ಸಂದು. ಹೊಗೆ ಮೊದಲು ಮೇಲಕ್ಕೆ ಹೋಗಿ, ಬಿದಿರು ಮತ್ತು ಸರ್ವೆಯ ಗಳಗಳ ನಡುವೆ ಸುತ್ತಾಡಿ, ಹುಲ್ಲಿನೊಳಗೆಲ್ಲ ಸೇರಿಕೊಂಡು, ಉಳಿದದ್ದು ಆ ಸಂದಿನಿಂದ ಹೊರಗೆ. ಬೆಳಗಿನ ಹೊತ್ತು ದೂರದಿಂದ ನೋಡಿದರೆ ಇಡೀ ಚಾವಣಿಯೇ ಉಸಿರಾಡುವಂತೆ ಕಾಣುತ್ತಿತ್ತು. ಮೊದಲ ದಿನ ಮನೆಯವರು ಹೆದರಿ ನೀರು ತರಲು ಓಡಿದ್ದರು. ಸೂರು ಎಷ್ಟು ತಗ್ಗೆಂದರೆ ಬಗ್ಗದೆ ಒಳಗೆ ಬರುವಂತಿಲ್ಲ. ಮನೆಯವರು ಎತ್ತರದ ಆಳು. ವಾರದಲ್ಲಿ ಮೂರು ಸಲವಾದರೂ ಹಣೆ ತಾಗಿಸಿಕೊಳ್ಳುತ್ತಿದ್ದರು.

"ಮನಿಗೆ ನಮಸ್ಕಾರ ಮಾಡಿ ಒಳಗ ಬಾ ಅಂತ ಕಟ್ಟ್ಯಾರ," ಅನ್ನುತ್ತಿದ್ದರು ಅತ್ತೆ, "ನೀ ಮಾಡಂಗಿಲ್ಲ, ಅದಾ ಮಾಡಸ್ತದ."

ಮೊದಲ ದೊಡ್ಡ ಮಳೆ ಬಂದ ದಿನ ಅತ್ತೆ ಹಿತ್ತಲ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟರು. ಹೊರಗೆ ಧೋ ಎಂದು ಸುರಿಯುತ್ತಿದೆ, ಒಳಗೆ ನಮಗೆ ಗೊತ್ತೇ ಆಗಿಲ್ಲ. ಹುಲ್ಲು ಮಳೆಯ ಸದ್ದನ್ನೆಲ್ಲ ನುಂಗಿಬಿಡುತ್ತಿತ್ತು. "ಮಳಿ ಬಂದದ್ದು ಒಳಗಿದ್ದೋರಿಗೆ ಹೇಳಂಗಿಲ್ಲಲ್ಲ ಈ ಮನಿ!" ಅಂದರು. ಶಿವಾಜಿನಗರದ ಶೀಟಿನ ಕೆಳಗೆ ಎರಡು ಮಳೆಗಾಲ ಕಳೆದವರಿಗೆ ಅದು ಎಂಥ ಸುಖವೆಂದು ಹೇಳಿದರೆ ತಿಳಿಯದು.

ಎರಡನೇ ವರ್ಷದ ಬೇಸಿಗೆಯಲ್ಲಿ ಚಾವಣಿಯ ನೆತ್ತಿಯಲ್ಲಿ ಅಳಿಲುಗಳು ಹುಲ್ಲು ಕಿತ್ತವು. ಮೊದಲ ಅಡ್ಡಮಳೆಗೆ ನಡುಮನೆಯಲ್ಲಿ ಟಪ್ ಟಪ್ ಎಂದು ಸೋರಿತು. ನಾನು ತಟ್ಟೆ ಇಟ್ಟೆ. ಅತ್ತೆ ತಲೆ ಎತ್ತಿ ನೋಡಿ, "ಇದಕ್ಯಾಕ ಚಿಂತಿ? ಮಣ್ಣು ಹಾಕಿದ್ರ ಆತು," ಅಂದರು.

ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಚಪ್ಪಟೆ, ಅದರ ಮೇಲೆ ಮಲಗಬಹುದು, ಮೆಣಸಿನಕಾಯಿ ಒಣಗಿಸಬಹುದು. ಪ್ರತಿ ವರ್ಷ ಮಳೆಗೆ ಮುಂಚೆ ಉಪ್ಪುಪ್ಪಾದ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ ತುಳಿಯುತ್ತಾರೆ. ಅದು ಒಂದು ಹನಿ ಕೆಳಗೆ ಬಿಡುವುದಿಲ್ಲ. ಅತ್ತೆ ಆ ಕೆಲಸದಲ್ಲಿ ಊರಿಗೇ ಹೆಸರಾದವರು. ಯಾವ ಮಣ್ಣು ಬೇಕೆಂದು ನಾಲಿಗೆಗೆ ಹಚ್ಚಿ ನೋಡಿಯೇ ಹೇಳುತ್ತಿದ್ದರು. ಇಲ್ಲಿಯೂ ಕೆರೆಯಂಚಿಗೆ ಮಗನ ಜೊತೆ ಹೋಗಿ ನಾಲ್ಕು ಕಡೆಯ ಮಣ್ಣು ನೆಕ್ಕಿ, ಐದನೆಯದಕ್ಕೆ "ಹಾಂ, ಇದಾ," ಅಂದರಂತೆ. ಮನೆಯವರು ಎರಡು ದಿನ ಸೈಕಲ್ಲಿನಲ್ಲಿ ಚೀಲಗಟ್ಟಲೆ ಹೊತ್ತು ತಂದರು. ಚಾವಣಿ ಇಳಿಜಾರು, ಮಣ್ಣು ನಿಲ್ಲುವುದಿಲ್ಲವೆಂದು ಸಗಣಿ ಸೇರಿಸಿ ಕಲಸಿದೆವು. ನಾನೇ ಕಲಸಿದೆ, ರೊಟ್ಟಿ ಹಿಟ್ಟು ನಾದಿದ ಕೈ ಇದು. ನೆತ್ತಿಯ ಉದ್ದಕ್ಕೂ ಎರಡೂ ಬದಿಗೆ ಎರಡಡಿ ಮೆತ್ತಿ, ಕೆಳಗಿಳಿದು, ಮೂವರೂ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆವು. ಬಹಳ ಚೆಂದ ಕಂಡಿತ್ತು.

ವಾರದ ಮೇಲೆ ಎರಡು ದಿನ ಬಿಡದೆ ಮಳೆ. ಮಣ್ಣು ನೀರು ಕುಡಿಯಿತು, ಕುಡಿದು ಭಾರವಾಯಿತು, ಕೆಳಗಿನ ಹುಲ್ಲಿಗೂ ಒಣಗಲು ಬಿಡಲಿಲ್ಲ. ಎರಡನೇ ದಿನ ಮಧ್ಯಾಹ್ನ ಮೇಲೆ ಲಟ್ಟೆಂದು ಸದ್ದಾಯಿತು. ಒಂದು ಬಿದಿರು ಮುರಿದು ಚಾವಣಿ ಮುದಿ ಎಮ್ಮೆಯ ಬೆನ್ನಿನ ಹಾಗೆ ತಗ್ಗಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಕೆಸರಿನ ಗೆರೆ ಇಳಿದಿತ್ತು.

ಭಾನುವಾರ ಅಮ್ಮಾರು ಬಂದರು. ಛತ್ರಿ ಮಡಿಸದೆ ಅಂಗಳದಲ್ಲೇ ನಿಂತು ನೋಡಿದರು.

"ಇದೇನಿದು? ರೂಫ್ ಮೇಲೆ ಹಿಟ್ಟು ಕಲಸಿ ಮೆತ್ತಿದ್ದೀರಾ?"

"ಹಿಟ್ಟಲ್ರಿ ಅಮ್ಮಾರ, ಸವಳು ಮಣ್ಣು," ಅಂದರು ಅತ್ತೆ. "ನಮ್ಮ ಕಡಿ ಮಾಳಿಗಿಗೆ ಹಾಕ್ತೀವಲ್ರಿ..."

"ಅಯ್ಯೋ ಕಡವುಳೇ!" ಅಂತ ಹಣೆಗೆ ಕೈಯಿಟ್ಟುಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ವೆರಾಂಡದ ಕಂಬಕ್ಕೆ ಒರಗಿ ಕೂತು, "ನಂಗೂ ವಯಸ್ಸಾಯ್ತಮ್ಮ. ಹುಲ್ಲು ಹೊದಿಸ್ತಿದ್ದೋನು ಹೋಗ್ಬಿಟ್ಟ, ಅವನ ಮಕ್ಕಳು ಆಟೋ ಓಡಿಸ್ತಾರೆ. ಶೀಟಿನೋನು ಎರಡು ವರ್ಷದಿಂದ ಹಿಂದೆ ಬಿದ್ದಿದ್ದಾನೆ. ಹಾಕಿಸ್ಬಿಡ್ತೀನಿ," ಅಂದರು.

"ಹುಲ್ಲು ಹೊದಸೋರು ಸಿಕ್ಕರ?" ಅಂತ ಕೇಳಿದೆ.

"ಎಲ್ಲಿ ಸಿಗ್ತಾರೆ ಈಗ? ನೋಡು. ಎರಡು ಭಾನುವಾರ ಟೈಮ್ ಕೊಡ್ತೀನಿ. ಆಮೇಲೆ ಅವನು ಬರ್ತಾನೆ."

ಆ ವಾರ ಮನೆಯವರು ಆಫೀಸಿಗೆ ಹೋಗಿ ಬರುವ ದಾರಿಯಲ್ಲೆಲ್ಲ ಕೇಳಿದರು. ಹೊದಿಸುವವರ ಹೆಸರು ಕೇಳಿದರೆ ಜನ ಶೀಟಿನ ಅಂಗಡಿ ತೋರಿಸುತ್ತಿದ್ದರು. ಕೊನೆಗೆ ದಾರಿ ಸಿಕ್ಕಿದ್ದು ನಾನು ಸೌದೆ ತರುವ ಡಿಪೋದಲ್ಲಿ. ಅಲ್ಲಿನ ಹೆಂಗಸು, "ನಮ್ಮಪ್ಪಂಗೆ ಬರ್ತದಕ್ಕಾ. ವರ್ತೂರಿನ ಆಚೆ ಇದಾನೆ. ಆದ್ರೆ ಬಾಯಿ ಜಾಸ್ತಿ, ತಡ್ಕೋಬೇಕು," ಅಂದಳು.

ಅವಳ ಅಪ್ಪ, ನಮಗೆಲ್ಲ ತಾತ, ಗುರುವಾರ ಬಂದ. ಒಂದು ಕುಡುಗೋಲು, ಒಂದು ಹಗ್ಗದ ಸುತ್ತು, ಮೊಳ ಉದ್ದದ ಬಿದಿರಿನ ಸೂಜಿ. ಮೇಲೆ ಹತ್ತುತ್ತಾನೆಂದು ಮನೆಯವರು ಏಣಿ ತಂದಿಟ್ಟರೆ ಅದನ್ನು ಒಳಗೆ ತರಿಸಿದ. ಅಡುಗೆಮನೆಯ ಗಳ ಹಿಡಿದು ನಿಂತು, ಹುಲ್ಲಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಕಡ್ಡಿ ಎಳೆದು ಹಲ್ಲಿನಿಂದ ಕಚ್ಚಿದ.

"ಯಾರು ತಾಯಿ ಇಲ್ಲಿ ಒಲೆ ಹಚ್ಚೋದು?"

ಇನ್ನೊಂದು ತಪ್ಪು ಹೊರಬಿತ್ತೆಂದುಕೊಂಡೆ. "ನಾನಾ, ತಾತ."

"ಎಷ್ಟೊತ್ತು?"

"ದಿನಾ ಮೂರು ತಾಸು. ರೊಟ್ಟಿ ಬಡೀತೀನಿ."

"ಅದಕ್ಕೇ ಮತ್ತೆ! ಬಾ, ಮುಟ್ಟಿ ನೋಡು. ಹೊಗೆ ಕುಡ್ದು ಕುಡ್ದು ಕೆಳಗಿನ ಹುಲ್ಲು ತಂತಿ ಆಗೈತೆ. ಕಚ್ಚುದ್ರೆ ಹಲ್ಲೇ ಹೋಗ್ತದೆ. ಕೊಳೆತಿರೋದು ನೆತ್ತಿ ಮೇಲೆ ಒಂದು ಮೊಳ ಅಷ್ಟೆ. ಅದ್ನ ತೆಗ್ದು, ಬೊಂಬು ಬದ್ಲಾಯಿಸಿ, ಹೊಸದು ಹೊಲಿದ್ರೆ ಆಯ್ತು."

ನಾನು ಏಣಿ ಹತ್ತಿ ಮುಟ್ಟಿದೆ. ನಿಜವಾಗಿಯೂ ಗಟ್ಟಿಯಾಗಿತ್ತು, ಕಪ್ಪಗೆ ಮಿರುಗುತ್ತಿತ್ತು. ಎರಡು ವರ್ಷದ ನನ್ನ ಬೆಳಗಿನ ಹೊಗೆಯೆಲ್ಲ ಅಲ್ಲಿ ಹೋಗಿ ಕೂತಿತ್ತು. ಕೆಳಗಿಳಿಯುವಾಗ ಎದೆಯ ಭಾರ ಅರ್ಧ ಇಳಿದಿತ್ತು.

ಹೊರಗೆ ಬಂದು ತಾತ ನೆತ್ತಿ ನೋಡಿದ. "ಈ ಮೆತ್ತೋ ಕೆಲ್ಸ ಯಾರ್ದು?"

ಮನೆಯವರು ಹಲಸಿನ ಮರ ನೋಡತೊಡಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ನಂದಾ. ಏನೀಗ?"

"ಏನಿಲ್ಲಕ್ಕಾ. ಮಣ್ಣು ಒಳ್ಳೇದು. ಜಾಗ ತಪ್ಪೈತೆ. ನಿಮ್ಮೂರ ಮಾಳಿಗೆ ನೀರು ಕುಡ್ಕಂಡು ಕೂತ್ಕಂತೈತೆ. ಈ ಹುಲ್ಲು ಕುಡೀಬಾರ್ದು, ಜಾರಿಸ್ಬೇಕು. ಅದಕ್ಕೇ ಇಷ್ಟು ಇಳಿಜಾರು ಮಾಡಿರೋದು."

ಅತ್ತೆ ಸೆರಗು ಬಿಡಿಸಿಕೊಂಡು ಒಳಗೆ ಹೋದರು. ಆ ದಿನ ಎಲೆ ಅಡಿಕೆಯನ್ನೂ ಹಾಕಿಕೊಳ್ಳಲಿಲ್ಲ.

ತಾತ ತನ್ನ ಕೊಟ್ಟಿಗೆಗೆಂದು ಕೊಯ್ದು ಒಣಗಿಸಿಟ್ಟಿದ್ದ ಕೆರೆಯ ಜೊಂಡು ಮರುದಿನ ಎತ್ತಿನ ಗಾಡಿಯಲ್ಲಿ ಬಂತು. ಒಣಗಿದ್ದ ಮಣ್ಣನ್ನು ಹೆಂಟೆಹೆಂಟೆಯಾಗಿ ಇಳಿಸಿದೆವು. ಗೋಡೆಯ ಬುಡದಲ್ಲಿ, ಸೂರಿನ ನೀರು ಬಿದ್ದು ಬಿದ್ದು ಗಾರೆ ತಿಂದುಹೋಗಿದ್ದ ಕಡೆ ರಾಶಿ ಮಾಡಿಸಿದ ತಾತ. "ಅಕ್ಕಾ, ಇದ್ನ ಇಲ್ಲಿ ತುಳಿದು ಇಳಿಜಾರು ಕಟ್ಟೆ ಮಾಡ್ಕೊಡು. ಇಟ್ಟಿಗೆಗೆ ನೀರು ಹಾರಬಾರ್ದು. ನಂಗೆ ಈ ಕೆಲ್ಸ ಬರಾಕಿಲ್ಲ." ಅತ್ತೆ ಎರಡು ದಿನ ಮನೆಯ ಸುತ್ತ ಕಟ್ಟೆ ತುಳಿದರು. ಎಲೆ ಅಡಿಕೆ ಮತ್ತೆ ಶುರುವಾಯಿತು, ಬಾಯಿಯೂ ಶುರುವಾಯಿತು.

ಹೊಲಿಗೆ ಇಬ್ಬರ ಕೆಲಸ. ಮೇಲಿನಿಂದ ತಾತ ಸೂಜಿ ಚುಚ್ಚುತ್ತಿದ್ದ. ಒಳಗೆ ಏಣಿಯ ಮೇಲೆ ನಾನು. ಸೂಜಿಯ ಮೂಗು ಮಸಿ ಸೀಳಿಕೊಂಡು ಇಳಿದರೆ ಹುರಿಯನ್ನು ಗಳದ ಸುತ್ತ ಹಾಕಿ, ಮತ್ತೆ ಸೂಜಿಗೆ ಪೋಣಿಸಿ ಮೇಲಕ್ಕೆ ತಳ್ಳಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ.

"ಬಂತಾ ತಾಯಿ?"

"ಬಂತು!"

"ಕಳ್ಸು!"

"ಕಳಿಸೀನಿ, ಜಗ್ಗು!"

ಮಸಿ ಉದುರಿ ಮುಖವೆಲ್ಲ ಕಪ್ಪಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ನಕ್ಕರು. "ಏ ಯವ್ವಾ, ಒಲಿಯೊಳಗ ಮಲಗಿದ್ದೇನು?" ಮಧ್ಯಾಹ್ನ ತಾತನಿಗೆ ರೊಟ್ಟಿ ಕೊಟ್ಟರೆ ದಿನವೂ ಅದೇ ಮಾತು: "ಇದ್ನ ಅಗೀತಾ ಕೂತ್ರೆ ಕೆಲ್ಸ ಯಾವಾಗ ಮಾಡೋದು? ಒಂದು ಮುದ್ದೆ ಇಲ್ವಾ?" ಅತ್ತೆಯದೂ ಅದೇ ಉತ್ತರ: "ಅಗೀದೆ ನುಂಗೋ ಮಂದಿಗೆ ಹಲ್ಲು ಯಾಕ ಕೊಟ್ಟಾನೋ ದೇವರು!"

ಇಷ್ಟಾಗಿ, ಮೊದಲು ಹೇಳಿದ ಆ ಎರಡನೇ ಭಾನುವಾರ ಬಂತು. ಅಮ್ಮಾರು ನಾಲ್ಕಕ್ಕೆ ಸರಿಯಾಗಿ ಬಂದರು. ತಾತ ಸೂರಿನ ಅಂಚನ್ನು ಕುಡುಗೋಲಿನಿಂದ ಸಮ ಮಾಡುತ್ತಿದ್ದ, ಕ್ಷೌರ ಮಾಡುವವನ ಹಾಗೆ. ಅವರು ಮನೆಯ ಸುತ್ತ ಒಂದು ಸುತ್ತು ಬಂದರು, ಕಟ್ಟೆಯನ್ನು ಛತ್ರಿಯ ತುದಿಯಿಂದ ಕುಟ್ಟಿ ನೋಡಿದರು. ಒಳಗೆ ಬಂದು ನಡುಮನೆಯಲ್ಲಿ ಕೂತರು. ಚಹಾ ಕೊಟ್ಟೆ. ಹೊಸ ಜೊಂಡಿನ ವಾಸನೆ ಮನೆಯಲ್ಲೆಲ್ಲ. ಅವರು ತಂದೆಯ ಕಾಲದ ಮಾತು ತೆಗೆದರು: ರಜೆಯಲ್ಲಿ ಇಲ್ಲಿ ಬಂದರೆ ಆ ನಾಯಿಯ ಹೆಜ್ಜೆಯ ಇಟ್ಟಿಗೆಯ ಮೇಲೆ ಕಾಲಿಟ್ಟು, ನನ್ನ ಕಾಲು ಎಷ್ಟು ಬೆಳೆದಿದೆ ಎಂದು ಅಳೆಯುತ್ತಿದ್ದೆ ಅಂದರು. ನಾನು ಕೇಳುತ್ತಿದ್ದೆ, ಆದರೆ ಗಮನವೆಲ್ಲ ಅವರು ಇನ್ನೂ ಹೇಳದೆ ಉಳಿಸಿಕೊಂಡ ಮಾತಿನ ಮೇಲಿತ್ತು.

ಚಹಾ ಮುಗಿಸಿ ಅವರು ಕತ್ತಲಾದ ಕಿಟಕಿಯ ಕಡೆ ನೋಡಿದರು. "ಮೋಡ ಅಷ್ಟೊಂದಿತ್ತು. ಮಳೆ ಬರ್ಲೇ ಇಲ್ಲ?"

"ಬಂದು ಅರ್ಧ ತಾಸಾತಲ್ರಿ ಅಮ್ಮಾರ," ಅಂದರು ಅತ್ತೆ.

ಅವರು ಎದ್ದು ಬಾಗಿಲಿಗೆ ಹೋದರು. ಸೂರಿನ ಉದ್ದಕ್ಕೂ ನೀರು ಎಳೆಎಳೆಯಾಗಿ ಇಳಿದು, ಅತ್ತೆಯ ಕಟ್ಟೆಯ ಮೇಲೆ ಬಿದ್ದು, ಅಲ್ಲಿಂದ ಜಾರಿ ತೋಟದ ಕಡೆ ಓಡುತ್ತಿತ್ತು. ವೆರಾಂಡದಲ್ಲಿ ತಾತ ಬೀಡಿ ಹಚ್ಚಿಕೊಂಡು ಕೂತಿದ್ದ, ನೋಡಿಯೂ ನೋಡದವನಂತೆ. ಅಮ್ಮಾರು ಒಳಗೆ ಬಂದು, ಒಂದೊಂದೇ ಕೋಣೆಗೆ ಹೋಗಿ, ಬಗ್ಗಿ ನೆಲದ ಇಟ್ಟಿಗೆಗೆ ಅಂಗೈ ಒತ್ತಿ ನೋಡಿದರು. ನಡುಮನೆಯಲ್ಲಿ ಎರಡು ಸಲ. ಕೈ ಒಣಗಿಯೇ ಇತ್ತು. ಆಮೇಲೆ ಬಂದು ಅಡುಗೆಮನೆಯ ಬಾಗಿಲಲ್ಲಿ ಆ ಹೆಜ್ಜೆಯ ಮೇಲೆ ಕಾಲಿಟ್ಟರು.

"ಇಲ್ಲಿ ಎಸ್‌ಟಿಡಿ ಬೂತ್ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ?" ಅಂತ ಕೇಳಿದರು.

"ಏಳಕ್ಕ ತೆಗೀತಾರ್ರಿ," ಅಂದರು ಮನೆಯವರು. "ಯಾಕ್ರಿ?"

"ಶೀಟಿನೋನಿಗೆ ಬರ್ಬೇಡ ಅಂತ ಹೇಳ್ಬೇಕಲ್ಲಪ್ಪ. ಅವ್ನು ಬೆಳಿಗ್ಗೆ ಲಾರಿ ತಂದ್ಬಿಟ್ರೆ?"

ನಾನು ಒಲೆಗೆ ಸೌದೆ ತಳ್ಳುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆ ಇತ್ತಲ್ಲ, ಯಾರೂ ಕೇಳಲಿಲ್ಲ. ಅಮ್ಮಾರು ಮಾತ್ರ ಹಿಂದೆ ಬಂದು ಹೇಳಿದರು: "ಒಂದು ಮಾತು. ಇನ್ಮೇಲೆ ಏನೇ ಸೋರಿದ್ರೂ ಮೊದ್ಲು ನಂಗೆ ಹೇಳು. ನಿಮ್ಮತ್ತೆಗೆ ಹೇಳ್ಬೇಡ."

"ಕೇಳಸ್ತದ್ರಿ ನನಗ!" ಎಂದು ನಡುಮನೆಯಿಂದ ಅತ್ತೆ ಕೂಗಿದರು.

ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ರೈಲ್ವೆ ಗೇಟಿನವರೆಗೆ ದಾರಿಯೆಲ್ಲ ಕೆಸರು. ಅಮ್ಮಾರು ಉಳಿದುಕೊಂಡರು, ತಾತನೂ ಉಳಿದ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು, ಹಸಿ ಈರುಳ್ಳಿ. ಇದಲ್ಲದೆ ಅತ್ತೆ ಯಾರಿಗೂ ಹೇಳದೆ ರಾಗಿ ಹಿಟ್ಟು ತರಿಸಿಟ್ಟಿದ್ದರು. ಜೀವಮಾನದಲ್ಲಿ ಮೊದಲ ಸಲ ಮುದ್ದೆ ಕಟ್ಟಿ ತಾತನ ತಟ್ಟೆಗೆ ಹಾಕಿದರು.

"ಗಂಟಾಗೈತಲ್ಲಕ್ಕಾ," ಅಂದ ತಾತ.

"ನುಂಗು ಸುಮ್ಮನ. ಅಗೀಬ್ಯಾಡ, ಗೊತ್ತಾಗಂಗಿಲ್ಲ."

ತಾತ ಒಂದನ್ನು ಮುಗಿಸಿ ಇನ್ನೊಂದು ಕೇಳಿದ. ಅಮ್ಮಾರು ಮೂರು ರೊಟ್ಟಿ ತಿಂದರು, ಮೂರನೆಯದನ್ನು ಮೊಸರಿನಲ್ಲಿ ನೆನೆಸಿ. ಮನೆಯವರು ಐದು. ನಾನೆಷ್ಟು ತಿಂದೆ ನೆನಪಿಲ್ಲ.

ಎಲ್ಲರಿಗಿಂತ ಮೊದಲು ಮಲಗಿದವರು ಅಮ್ಮಾರು. ತಮ್ಮ ಮನೆಯಲ್ಲಿ ಗುಳಿಗೆ ಇಲ್ಲದೆ ನಿದ್ದೆ ಬರುವುದಿಲ್ಲ ಎಂದು ಹೇಳುತ್ತಾ, ಆ ಮಾತು ಪೂರ್ತಿ ಮುಗಿಯುವ ಮುಂಚೆಯೇ ನಡುಮನೆಯ ಮಂಚದ ಮೇಲೆ ನಿದ್ದೆ ಹೋದರು.